ಬೆಕ್ಕಿನ ಬಾಯಿಗೆ ಮನುಷ್ಯರ ಗುಳಿಗೆ

ಮಳೆಗಾಲದ ಒಂದು ರಾತ್ರಿ. ಎರಡು ದಿನ ಮನೆಯ ಕಡೆ ಸುಳಿಯದ ಬೆಕ್ಕು ಹಿತ್ತಲ ಬಾಗಿಲಲ್ಲಿ ಬಂದು ಕೂತಿದೆ. ಮುಂಗಾಲನ್ನು ನೆಲಕ್ಕೆ ಊರುತ್ತಿಲ್ಲ. ಪಕ್ಕದ ಬೀದಿಯ ಗಂಡು ಬೆಕ್ಕಿನೊಡನೆ ಜಗಳ ಕಾದು ಬಂದಿರಬೇಕು. ಹಾಲಿಟ್ಟರೆ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಮನೆಯ ಹುಡುಗಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿವಿ ಮುಟ್ಟಿ ನೋಡುತ್ತಾಳೆ. ‘ಅಮ್ಮಾ, ಮೈ ಕೆಂಡದ ಹಾಗೆ ಸುಡ್ತಾ ಇದೆ. ಜ್ವರ ಬಂದಿದೆ ಇದಕ್ಕೆ!’ ಗಂಟೆ ಆಗಲೇ ಒಂಬತ್ತೂವರೆ. ಪಶು ಆಸ್ಪತ್ರೆಯ ಬಾಗಿಲು ಮುಚ್ಚಿ ಎಷ್ಟೋ ಹೊತ್ತಾಗಿದೆ. ಬೆಳಗಿನವರೆಗೆ ಆ ಮೂಕಪ್ರಾಣಿ ನರಳುವುದನ್ನು ನೋಡುತ್ತ ಕೂರುವುದು ಹೇಗೆ? ಅಮ್ಮ ಫ್ರಿಜ್ಜಿನ ಮೇಲಿನ ಔಷಧಿ ಡಬ್ಬಿ ತೆರೆಯುತ್ತಾಳೆ. ಮನೆಮಂದಿಗೆಲ್ಲ ಜ್ವರಕ್ಕೂ ತಲೆನೋವಿಗೂ ಮೈಕೈ ನೋವಿಗೂ ಆಗಿಬರುವ ಮಾತ್ರೆ ಅಲ್ಲೇ ಇದೆ. ‘ಚಿಕ್ಕ ಪ್ರಾಣಿ, ಅರ್ಧ ಸಾಕು’ ಎಂದು ಮುರಿದು, ಪುಡಿ ಮಾಡಿ, ಬೆಣ್ಣೆಯಲ್ಲಿ ಕಲಸಿ ಬೆಕ್ಕಿನ ಬಾಯಿಗೆ ಸವರುತ್ತಾಳೆ.

ಬೆಕ್ಕು ಸಾಕಿರುವ ಯಾವ ಮನೆಯಲ್ಲಾದರೂ ನಡೆಯಬಹುದಾದ ಪ್ರಸಂಗ ಇದು. ಬೆಳಗಾಗುವಷ್ಟರಲ್ಲಿ ಆ ಬೆಕ್ಕಿನ ಒಸಡು ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಮುಖ ಮತ್ತು ಪಾದಗಳು ಊದಿಕೊಳ್ಳತೊಡಗುತ್ತವೆ. ಉಸಿರು ಮೇಲಕ್ಕೆಳೆದು ಬರುತ್ತಿರುತ್ತದೆ. ಕಚ್ಚಿದ ಗಾಯದಿಂದ ಸಾಯದೆ ಉಳಿಯಬಹುದಾಗಿದ್ದ ಬೆಕ್ಕು, ಪ್ರೀತಿಯಿಂದ ತಿನ್ನಿಸಿದ ಅರ್ಧ ಮಾತ್ರೆಯಿಂದ ಸಾಯಬಹುದು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ನಾಯಿಗೆ ಸಿಕ್ಕಿದ್ದನ್ನೆಲ್ಲ ನುಂಗುವ ಚಾಳಿ. ಮೇಜಿನ ಮೇಲಿಟ್ಟ ಮಾತ್ರೆಯ ಪಟ್ಟಿಯನ್ನು ಅದು ಕಾಗದದ ಸಮೇತ ಅಗಿದು ಹಾಕೀತು. ಬೆಕ್ಕು ಹಾಗಲ್ಲ. ಮೀನಿನ ಚೂರನ್ನೂ ಮೂರು ಸಲ ಮೂಸದೆ ಬಾಯಿಗೆ ಹಾಕಿಕೊಳ್ಳದ ಜಾತಿ ಅದು. ತೆನಾಲಿ ರಾಮಕೃಷ್ಣನ ಬೆಕ್ಕಂತೂ ಒಮ್ಮೆ ಬಾಯಿ ಸುಟ್ಟುಕೊಂಡ ಮೇಲೆ ಹಾಲನ್ನು ಕಂಡರೇ ಓಡುತ್ತಿತ್ತು! ಕಹಿ ಗುಳಿಗೆಯನ್ನು ತಾನಾಗಿ ತಿನ್ನುವ ಬೆಕ್ಕು ಅಪರೂಪ. ಹಾಗಾಗಿ ಬೆಕ್ಕಿನ ಹೊಟ್ಟೆಗೆ ನೋವಿನ ಮಾತ್ರೆ ಹೋಗಿದೆ ಎಂದರೆ ಬಹುಮಟ್ಟಿಗೆ ಯಾರೋ ಕನಿಕರದಿಂದ ಹಾಕಿದ್ದಾರೆ ಎಂದೇ ಅರ್ಥ.

ಅರ್ಧ ಮಾತ್ರೆಯ ಲೆಕ್ಕ

ಆ ಮಾತ್ರೆಯ ಹೆಸರು ಪ್ಯಾರಾಸಿಟಮಾಲ್. ಕ್ರೋಸಿನ್, ಕ್ಯಾಲ್ಪಾಲ್, ಡೋಲೊ ಎಂದೆಲ್ಲ ಕರೆಯುವುದು ಇದನ್ನೇ. 2020ರಿಂದಾಚೆಗಿನ ಕೊರೋನಾ ದಿನಗಳಲ್ಲಿ ದೇಶದ ಮನೆಮನೆಯ ಮಾತಾದ ಡೋಲೊ-650 ನಮ್ಮ ಬೆಂಗಳೂರಿನ ಕಂಪನಿಯೊಂದರದೇ ತಯಾರಿಕೆ. ಹೇಳಿದ ಪ್ರಮಾಣದಲ್ಲಿ ನುಂಗಿದರೆ ಮನುಷ್ಯರಿಗೆ ಇದು ಒಳ್ಳೆಯ ಔಷಧ. ಎಳೆಯ ಮಕ್ಕಳಿಗೂ ವೈದ್ಯರು ಧೈರ್ಯವಾಗಿ ಬರೆದುಕೊಡುತ್ತಾರೆ. ‘ಹಸುಗೂಸಿಗೇ ಕೊಡುವಂಥದ್ದು ಬೆಕ್ಕಿಗೆ ಏನು ಮಾಡೀತು?’ ಎಂಬ ನಂಬಿಕೆ ಹುಟ್ಟುವುದೂ ಇಲ್ಲಿಂದಲೇ.

ಹೈಸ್ಕೂಲು ಮಕ್ಕಳು ಮಾಡಬಹುದಾದ ಸಣ್ಣ ಲೆಕ್ಕವೊಂದಿದೆ. ಮನೆಯ ಬೆಕ್ಕಿನ ತೂಕ ಮೂರೂವರೆ ಕಿಲೋ ಎಂದಿಟ್ಟುಕೊಳ್ಳಿ. 650 ಮಿಲಿಗ್ರಾಮಿನ ಮಾತ್ರೆಯಲ್ಲಿ ಅರ್ಧ ಎಂದರೆ 325 ಮಿಲಿಗ್ರಾಂ. ಅಲ್ಲಿಗೆ ಬೆಕ್ಕಿನ ಪ್ರತಿ ಕಿಲೋ ತೂಕಕ್ಕೆ ಸುಮಾರು 93 ಮಿಲಿಗ್ರಾಂ ಬಿತ್ತು. ಅದೇ ದರದಲ್ಲಿ 60 ಕಿಲೋ ತೂಕದ ಅಪ್ಪ ನುಂಗುವುದಾದರೆ ಒಂದೇ ಸಲಕ್ಕೆ ಎಂಟೂವರೆ ಮಾತ್ರೆ! ಅಪ್ಪನನ್ನು ಆಗ ಯಾರೂ ಮಲಗಲು ಬಿಡುವುದಿಲ್ಲ, ಆಟೋ ಹಿಡಿದು ಆಸ್ಪತ್ರೆಗೆ ಓಡಿಸುತ್ತಾರೆ.

ತೂಕದ ವ್ಯತ್ಯಾಸ ಒಂದೇ ಆಗಿದ್ದರೆ ಮಾತ್ರೆಯನ್ನು ಇನ್ನಷ್ಟು ಚಿಕ್ಕದಾಗಿ ಮುರಿದರೆ ಸಾಕಿತ್ತು. ಆದರೆ ಬೆಕ್ಕಿನ ವಿಷಯದಲ್ಲಿ ಕಿಲೋಗೆ 10 ಮಿಲಿಗ್ರಾಂನಷ್ಟು ಅಲ್ಪ ಪ್ರಮಾಣದಲ್ಲೇ ವಿಷದ ಲಕ್ಷಣಗಳು ಕಾಣಿಸಿಕೊಂಡಿವೆ. ನಮ್ಮ ಮೂರೂವರೆ ಕಿಲೋ ಬೆಕ್ಕಿಗೆ ಅದು ಬರೀ 35 ಮಿಲಿಗ್ರಾಂ, 500ರ ಮಾತ್ರೆಯಲ್ಲಿ ಹದಿನಾಲ್ಕನೆಯ ಒಂದು ಪಾಲು. ಮಕ್ಕಳ ಜ್ವರದ ಸಿರಪ್ಪು 5 ಮಿಲಿಲೀಟರಿಗೆ 120 ಮಿಲಿಗ್ರಾಮಿನದಾದರೆ ಅರ್ಧ ಚಮಚೆಯಲ್ಲೇ 60 ಮಿಲಿಗ್ರಾಂ ಇರುತ್ತದೆ. ಬೆಕ್ಕಿಗೆ ಇಷ್ಟು ಕೊಟ್ಟರೆ ಅಪಾಯವಿಲ್ಲ ಎನ್ನುವ ಅಳತೆಯೇ ಪ್ಯಾರಾಸಿಟಮಾಲಿಗೆ ಇಲ್ಲ ಎಂದು ಪಶುವೈದ್ಯರ ಪುಸ್ತಕಗಳು ಹೇಳುವುದು ಇದಕ್ಕೇ.

ನೆಗಡಿಯ ಮಾತ್ರೆ, ಬೆನ್ನುನೋವಿನ ಮಾತ್ರೆ, ಹಲ್ಲುನೋವಿಗೆ ಅಂಗಡಿಯವ ಬಿಡಿಯಾಗಿ ಕತ್ತರಿಸಿ ಕೊಡುವ ಮಾತ್ರೆ ಇವುಗಳಲ್ಲೂ ಅನೇಕ ಸಲ ಪ್ಯಾರಾಸಿಟಮಾಲ್ ಜೊತೆಗೂಡಿರುತ್ತದೆ. ಪಟ್ಟಿಯ ಹಿಂಭಾಗದ ಚಿಕ್ಕ ಅಕ್ಷರ ಓದದೆ ಅದು ಗೊತ್ತಾಗುವುದಿಲ್ಲ. ಬಿಡಿ ಮಾತ್ರೆಯಾದರೆ ಓದಲು ಅಕ್ಷರವೂ ಇರುವುದಿಲ್ಲ.

ಒಂದು ತಪ್ಪು ಡಬ್ಬಿಯಿಂದ ಶುರುವಾದದ್ದು

ಬೆಕ್ಕಿಗೆ ಮಾತ್ರ ಯಾಕೆ ಹೀಗೆ? ಇದಕ್ಕೆ ಉತ್ತರ ಹುಡುಕುವ ಮೊದಲು ಈ ಔಷಧದ ಹುಟ್ಟನ್ನು ಸ್ವಲ್ಪ ನೋಡಬೇಕು. ಕಥೆ ಸ್ವಾರಸ್ಯವಾಗಿದೆ, ಉತ್ತರದ ಅರ್ಧ ಭಾಗವೂ ಅದರಲ್ಲೇ ಅಡಗಿದೆ.

1886ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಆರ್ನಾಲ್ಡ್ ಕಾನ್ ಮತ್ತು ಪಾಲ್ ಹೆಪ್ ಎಂಬ ಇಬ್ಬರು ತರುಣ ವೈದ್ಯರು ಹೊಟ್ಟೆಯ ಹುಳುವಿಗೆ ನ್ಯಾಫ್ತಲೀನ್ ಕೊಟ್ಟು ನೋಡುತ್ತಿದ್ದರು. ಹೌದು, ಬಟ್ಟೆಯ ಪೆಟ್ಟಿಗೆಯಲ್ಲಿ ಇಡುವ ಗುಳಿಗೆಯ ಅದೇ ನ್ಯಾಫ್ತಲೀನ್. ಒಬ್ಬ ರೋಗಿಯ ಹುಳು ಹೋಗಲಿಲ್ಲ, ಬದಲು ಜ್ವರ ಇಳಿಯಿತು! ವಿಚಾರಿಸಿದರೆ ಔಷಧದಂಗಡಿಯಿಂದ ಬಂದದ್ದು ನ್ಯಾಫ್ತಲೀನೇ ಅಲ್ಲ, ಅಸಿಟನಿಲೈಡ್ ಎಂಬ ಬೇರೆಯೇ ವಸ್ತು. ಆ ತಪ್ಪು ಡಬ್ಬಿಯಿಂದ ‘ಆಂಟಿಫೆಬ್ರಿನ್’ ಎಂಬ ಜ್ವರದ ಔಷಧ ಹುಟ್ಟಿತು, ಚೆನ್ನಾಗಿ ಮಾರಾಟವೂ ಆಯಿತು. ಆದರೆ ನುಂಗಿದ ಕೆಲವರ ತುಟಿ, ಉಗುರು ನೀಲಿಗಟ್ಟತೊಡಗಿದವು. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕೆಟ್ಟು, ಹೊರೆ ಹೊರಲಾರದ ‘ಮೆಥಮೊಗ್ಲೋಬಿನ್’ ಆಗಿಬಿಡುತ್ತಿತ್ತು.

ಪ್ಯಾರಾಸಿಟಮಾಲನ್ನು 1893ರ ಸುಮಾರಿಗೇ ಜರ್ಮನಿಯ ಫಾನ್ ಮೇರಿಂಗ್ ರೋಗಿಗಳ ಮೇಲೆ ಪರೀಕ್ಷಿಸಿದ್ದ. ಅದೂ ರಕ್ತವನ್ನು ಸ್ವಲ್ಪ ಕೆಡಿಸುತ್ತದೆ ಎಂದು ಬರೆದುಬಿಟ್ಟ. ಪಾಪದ ಔಷಧ ಅರ್ಧ ಶತಮಾನ ಮೂಲೆಗುಂಪಾಯಿತು. ಅವನ ಮಾದರಿಯಲ್ಲಿ ಪ್ಯಾರಾ-ಅಮಿನೊಫೀನಾಲ್ ಎಂಬ ಕಲ್ಮಶ ಸೇರಿದ್ದಿರಬೇಕು ಎಂಬುದು ಈಚಿನವರ ಊಹೆ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. 1948ರಲ್ಲಿ ಅಮೆರಿಕದ ಬರ್ನಾರ್ಡ್ ಬ್ರೋಡಿ ಮತ್ತು ಜೂಲಿಯಸ್ ಆಕ್ಸೆಲ್‌ರಾಡ್ ಗಂಟು ಬಿಡಿಸಿದರು. ಅಸಿಟನಿಲೈಡ್ ಮೈಯೊಳಗೆ ಹೋದ ಮೇಲೆ ಅದರ ಬಹುಭಾಗ ಪ್ಯಾರಾಸಿಟಮಾಲ್ ಆಗಿ ಮಾರ್ಪಟ್ಟು ಜ್ವರ ಇಳಿಸುತ್ತದೆ, ಇನ್ನೊಂದು ಅಂಶ ಅನಿಲೀನ್ ಆಗಿ ರಕ್ತ ಕೆಡಿಸುತ್ತದೆ. ಹಾಗಿದ್ದ ಮೇಲೆ ಒಳ್ಳೆಯದನ್ನೇ ನೇರವಾಗಿ ಕೊಟ್ಟರಾಯಿತಲ್ಲ? 1955ರಲ್ಲಿ ಅಮೆರಿಕದಲ್ಲಿ ಮಕ್ಕಳ ಔಷಧವಾಗಿ, ಮರುವರ್ಷ ಬ್ರಿಟನ್ನಿನಲ್ಲಿ ಮಾತ್ರೆಯಾಗಿ ಪ್ಯಾರಾಸಿಟಮಾಲ್ ಅಂಗಡಿಗೆ ಬಂತು. ನೀಲಿ ತುಟಿಯ ಕಾಟ ತಪ್ಪಿತು.

ಮನುಷ್ಯರಿಗೆ ತಪ್ಪಿತು. ಬೆಕ್ಕಿಗೆ ತಪ್ಪಲಿಲ್ಲ.

ಮನುಷ್ಯರ ಯಕೃತ್ತಿನಲ್ಲಿ ಪ್ಯಾರಾಸಿಟಮಾಲನ್ನು ಸಾಗಹಾಕಲು ಮೂರು ದಾರಿಗಳಿವೆ. ಹೆಚ್ಚು ಪಾಲು ಹೋಗುವುದು ಗ್ಲುಕುರೊನಿಕ್ ಆಮ್ಲದ ಜೊತೆ ಗಂಟುಹಾಕಿಕೊಂಡು ಮೂತ್ರಕ್ಕೆ ಇಳಿಯುವ ಹೆದ್ದಾರಿಯಲ್ಲಿ. ಎರಡನೆಯದು ಸಲ್ಫೇಟಿನ ಜೊತೆ ಹೋಗುವ ದಾರಿ. ಉಳಿದ ಸ್ವಲ್ಪ ಪಾಲು ಮೂರನೆಯ ಅಡ್ಡದಾರಿಗೆ ಬಿದ್ದು ಕೆಟ್ಟ ವಸ್ತುವಾಗುತ್ತದೆ. ಆದರೆ ಗ್ಲುಟಾಥಯೋನ್ ಎಂಬ ಕಾವಲುಗಾರ ಅದನ್ನು ಅಲ್ಲೇ ಹಿಡಿದು ಹಲ್ಲು ಕಿತ್ತು ಕಳಿಸುತ್ತಾನೆ. ಬೆಕ್ಕಿನಲ್ಲಿ ಹೆದ್ದಾರಿಯೇ ಹೆಚ್ಚುಕಡಿಮೆ ಬಂದ್. ಸಲ್ಫೇಟಿನ ದಾರಿ ಕಿರಿದು, ಬೇಗ ತುಂಬಿಹೋಗುತ್ತದೆ. ಬಂದದ್ದೆಲ್ಲ ಅಡ್ಡದಾರಿಗೆ ನುಗ್ಗುತ್ತದೆ, ಕಾವಲುಗಾರ ಸೋಲುತ್ತಾನೆ. ಸಾಲದ್ದಕ್ಕೆ ಔಷಧದ ಒಂದಂಶ ಒಡೆದು ಆಗಲೇ ಹೆಸರಿಸಿದ ಪ್ಯಾರಾ-ಅಮಿನೊಫೀನಾಲ್ ಆಗುತ್ತದೆ. ಮನುಷ್ಯರ ದೇಹ ಅದನ್ನು ತಿರುಗಿ ನಿರಪಾಯಕಾರಿ ಮಾಡಬಲ್ಲದು. ಅದಕ್ಕೆ ಬೇಕಾದ ಕಿಣ್ವದಲ್ಲೂ ಬೆಕ್ಕು ಬಡವ.

ಪೆಟ್ಟು ಬೀಳುವುದು ಕೆಂಪು ರಕ್ತಕಣಗಳ ಮೇಲೆ. ಬೆಕ್ಕಿನ ಹಿಮೋಗ್ಲೋಬಿನ್ ಹುಟ್ಟಿನಿಂದಲೇ ಸ್ವಲ್ಪ ನಾಜೂಕು. ಗಂಧಕ ಇರುವ, ಸುಲಭವಾಗಿ ದಾಳಿಗೆ ಸಿಕ್ಕುವ ಜಾಗಗಳು ಮನುಷ್ಯರ ಹಿಮೋಗ್ಲೋಬಿನ್ನಿನಲ್ಲಿ 2, ನಾಯಿಯಲ್ಲಿ 4 ಇದ್ದರೆ ಬೆಕ್ಕಿನಲ್ಲಿ 8. ಕೆಲವೇ ಗಂಟೆಗಳಲ್ಲಿ ರಕ್ತ ಚಾಕೊಲೇಟಿನ ಬಣ್ಣಕ್ಕೆ ತಿರುಗುತ್ತದೆ. ಕೆಟ್ಟ ಹಿಮೋಗ್ಲೋಬಿನ್ ರಕ್ತಕಣದೊಳಗೆ ಗಂಟುಗಂಟಾಗಿ ಕೂರುತ್ತದೆ, ಕಣ ಒಡೆಯುತ್ತದೆ. ಶ್ವಾಸಕೋಶದಲ್ಲಿ ಗಾಳಿ ಬೇಕಾದಷ್ಟಿದ್ದರೂ ಅದನ್ನು ಹೊತ್ತೊಯ್ಯುವ ಕೂಲಿಯವರೇ ಇಲ್ಲದ ಸ್ಥಿತಿ. ಬೆಕ್ಕು ಬಾಯಿ ತೆರೆದು ಏದುಸಿರು ಬಿಡುವುದು ಇದರಿಂದ.

ಹೂಳು ತುಂಬಿದ ಬಾವಿ

ಹೆದ್ದಾರಿ ಬಂದ್ ಆದದ್ದು ಯಾಕೆ ಎನ್ನುವುದು ಇಪ್ಪತ್ತನೆಯ ಶತಮಾನದ ಕೊನೆಗೆ ಸ್ಪಷ್ಟವಾಯಿತು. ಮೈಕೇಲ್ ಕೋರ್ಟ್ ಮತ್ತು ಡೇವಿಡ್ ಗ್ರೀನ್‌ಬ್ಲಾಟ್ ಎಂಬ ಅಮೆರಿಕದ ವಿಜ್ಞಾನಿಗಳು 2000ದಲ್ಲಿ ಬೆಕ್ಕಿನ ವಂಶವಾಹಿಯನ್ನೇ ಓದಿ ತೋರಿಸಿದರು. ಪ್ಯಾರಾಸಿಟಮಾಲನ್ನು ಹೆದ್ದಾರಿಗೆ ಹತ್ತಿಸುವ ಕಿಣ್ವದ ವಂಶವಾಹಿ ಬೆಕ್ಕಿನಲ್ಲಿ ಇದೆ, ಆದರೆ ಅಕ್ಷರಗಳು ಅಲ್ಲಲ್ಲಿ ಕೆಟ್ಟು ಹೋಗಿವೆ. ಓದಿದರೆ ಅರ್ಥವಾಗದ ಹಳೆಯ ತಾಳೆಗರಿಯ ಹಾಗೆ ಅದು ಸುಮ್ಮನೆ ಬಿದ್ದಿದೆ.

2011ರಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಮನೆಯ ಬೆಕ್ಕಿನದಷ್ಟೇ ಅಲ್ಲ, ಪರೀಕ್ಷಿಸಿದ ಕಾಡಿನ ದೊಡ್ಡ ಬೆಕ್ಕುಗಳದೂ ಇದೇ ಹಣೆಬರಹ ಎಂದು ಅದರಿಂದ ತಿಳಿಯಿತು. ಈ ದೋಷ ಇಡೀ ಬೆಕ್ಕಿನ ಕುಲದಲ್ಲಿ ನೆಲೆ ನಿಂತು ಕೋಟಿ ವರ್ಷಕ್ಕೂ ಮೇಲಾಗಿದೆಯಂತೆ. ಅದೇ ಹುಡುಕಾಟದಲ್ಲಿ ಕಂದು ಕತ್ತೆಕಿರುಬ ಮತ್ತು ಉತ್ತರದ ಆನೆ ಸೀಲ್‌ಗಳಲ್ಲೂ ಇದೇ ವಂಶವಾಹಿ ಕೆಟ್ಟಿರುವುದು ಕಂಡಿತು. ಈ ಮೂರಕ್ಕೂ ಸಾಮಾನ್ಯವಾದದ್ದು ಒಂದೇ, ಮಾಂಸದ ಊಟ. ಗಿಡಗಳು ತಮ್ಮನ್ನು ತಿನ್ನುವವರ ವಿರುದ್ಧ ಎಲೆ ಬೀಜಗಳಲ್ಲಿ ನಾನಾ ಬಗೆಯ ಫೀನಾಲುಗಳನ್ನು ತುಂಬಿಟ್ಟಿರುತ್ತವೆ. ಸೊಪ್ಪು ಕಾಳು ತಿನ್ನುವ ಪ್ರಾಣಿಗೆ ಆ ವಿಷ ತೊಳೆಯುವ ಕಿಣ್ವ ಬೇಕೇ ಬೇಕು. ಇಲಿ ಹಕ್ಕಿ ತಿಂದು ಬದುಕುವ ಬೆಕ್ಕಿಗೆ ಅದರ ಅಗತ್ಯ ಬೀಳಲಿಲ್ಲ. ನೀರು ಸೇದದ ಬಾವಿಯಲ್ಲಿ ಹೂಳು ತುಂಬುವ ಹಾಗೆ ಆ ವಂಶವಾಹಿಯೂ ತಲೆಮಾರಿನಿಂದ ತಲೆಮಾರಿಗೆ ಕೆಡುತ್ತ ಹೋಗಿರಬೇಕು ಎಂಬುದು ವಿಜ್ಞಾನಿಗಳ ವಿವರಣೆ.

ಬೆಕ್ಕಿನ ಮೈಯಲ್ಲಿ ಇಂಥ ಪಾಳುಬಾವಿ ಇದೊಂದೇ ಅಲ್ಲ. ಸಿಹಿ ರುಚಿ ಗುರುತಿಸಲು ಬೇಕಾದ ವಂಶವಾಹಿಯೂ ಕೆಟ್ಟಿದೆ ಎಂದು 2005ರಲ್ಲಿ ಗೊತ್ತಾಯಿತು. ಹಬ್ಬದ ದಿನ ಹೋಳಿಗೆ ಎಡೆ ಇಟ್ಟರೆ ಬೆಕ್ಕು ತುಪ್ಪವನ್ನಷ್ಟೇ ನೆಕ್ಕಿ ಹೋಗುವುದು ಕೊಬ್ಬಿಲ್ಲದೆ ಇರಲಾರದು! ಸಿಹಿಯೇ ತಿಳಿಯದ ನಾಲಿಗೆಗೆ ಹೂರಣದ ಹಂಗೇನು?

ಬಾಯಿಗೆ ಹಾಕದೆಯೂ ವಿಷ

ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬಹುದೆ? ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಆಸ್ಪಿರಿನ್ ಇವೆಲ್ಲ ಇನ್ನೊಂದು ಗುಂಪು. ನೋವು ಬಾವು ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳ ತಯಾರಿಕೆಯನ್ನು ಇವು ತಡೆಯುತ್ತವೆ. ಈ ಗುಟ್ಟನ್ನು 1971ರಲ್ಲಿ ಬಯಲು ಮಾಡಿದ ಜಾನ್ ವೇನ್‌ಗೆ 1982ರಲ್ಲಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು. ತೊಂದರೆ ಎಂದರೆ ಅದೇ ಪ್ರೊಸ್ಟಗ್ಲಾಂಡಿನ್‌ಗಳು ಜಠರದ ಒಳಪದರವನ್ನು ಆಮ್ಲದಿಂದ ಕಾಯುತ್ತವೆ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆಯೂ ನೋಡಿಕೊಳ್ಳುತ್ತವೆ. ಔಷಧ ಬೇಗ ಖಾಲಿಯಾಗದ ಮೈಯಲ್ಲಿ ಈ ಎರಡೂ ರಕ್ಷಣೆ ಕುಸಿಯುತ್ತವೆ. ಹೊಟ್ಟೆಯಲ್ಲಿ ಹುಣ್ಣು, ಕಪ್ಪು ಮಲ, ಕೊನೆಗೆ ಮೂತ್ರಪಿಂಡದ ಸೋಲು. ಆಸ್ಪಿರಿನ್ನಿನ ಅಂಶ ಅರ್ಧಕ್ಕಿಳಿಯಲು ಮನುಷ್ಯರಲ್ಲಿ ಕೆಲವು ಗಂಟೆ ಸಾಕಾದರೆ ಬೆಕ್ಕಿನಲ್ಲಿ ಸುಮಾರು 40 ಗಂಟೆ ಬೇಕು. ದಿನಕ್ಕೆರಡು ಸಲ ಕೊಟ್ಟರೆ ಹಳೆಯ ಬಾಕಿಯ ಮೇಲೆ ಹೊಸ ಸಾಲ ಏರಿದಂತೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿ. 2015ರ ಏಪ್ರಿಲಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಹೊರಡಿಸಿತು. ಎರಡು ಮನೆಗಳಲ್ಲಿ ಬೆಕ್ಕುಗಳು ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದಿದ್ದವು. ಒಂದು ಮನೆಯ ಎರಡು ಬೆಕ್ಕುಗಳು ಮೂತ್ರಪಿಂಡ ಕೆಟ್ಟರೂ ಚಿಕಿತ್ಸೆಯಿಂದ ಬದುಕಿಕೊಂಡವು. ಇನ್ನೊಂದು ಮನೆಯ ಮೂರು ಬೆಕ್ಕುಗಳು ಸತ್ತವು. ಅವಕ್ಕೆ ಯಾರೂ ಏನನ್ನೂ ತಿನ್ನಿಸಿರಲಿಲ್ಲ. ಮನೆಯವರು ತಮ್ಮ ನೋವಿಗೆ ತಮ್ಮದೇ ಕತ್ತು, ಪಾದಗಳಿಗೆ ಫ್ಲರ್ಬಿಪ್ರೊಫೆನ್ ಇದ್ದ ಕ್ರೀಮು ಹಚ್ಚಿಕೊಂಡಿದ್ದರು, ಅಷ್ಟೆ. ಬೆಕ್ಕು ಕಾಲಿಗೆ ಮೈ ಉಜ್ಜುತ್ತದೆ, ಕೈ ನೆಕ್ಕುತ್ತದೆ, ಆಮೇಲೆ ಗಂಟೆಗಟ್ಟಲೆ ಕೂತು ತನ್ನ ಮೈಯನ್ನು ತಾನೇ ನೆಕ್ಕಿ ಚೊಕ್ಕಟ ಮಾಡಿಕೊಳ್ಳುತ್ತದೆ. ಮೈಗೆ ಅಂಟಿದ್ದೆಲ್ಲ ಹೊಟ್ಟೆಗೇ.

ಮಂಡಿನೋವಿಗೆ ಅಜ್ಜಿ ಹಚ್ಚಿಕೊಳ್ಳುವ ಡೈಕ್ಲೊಫೆನಾಕ್ ಜೆಲ್ಲೂ ಇದೇ ವರ್ಗದ್ದು. ಘಮ್ಮೆನ್ನುವ ನೋವಿನ ಮುಲಾಮುಗಳಲ್ಲಿ ಸಾಮಾನ್ಯವಾಗಿ ಇರುವ ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್ನಿನ ದಾಯಾದಿ. ಅಜ್ಜಿ ಮುಲಾಮು ಹಚ್ಚಬಾರದು ಎಂದಲ್ಲ. ಹಚ್ಚಿದ ಮೇಲೆ ಮಂಡಿಗೆ ಬಟ್ಟೆ ಸುತ್ತಿ, ಕೈ ಸೋಪಿನಲ್ಲಿ ತೊಳೆದು ಆಮೇಲೆ ಬೆಕ್ಕನ್ನು ಮುಟ್ಟಿದರೆ ಸರಿ. ಕುಂಟುವ ಬೆಕ್ಕಿನ ಕಾಲಿಗೇ ಅದನ್ನು ತಿಕ್ಕುವವರೂ ಇದ್ದಾರೆ, ಅದು ಮಾತ್ರ ಕೂಡದು. ಬೆಕ್ಕಿನ ಗಾಯವನ್ನು ಡೆಟಾಲಿನಿಂದ ತೊಳೆಯುವುದು, ಅದು ಓಡಾಡುವ ನೆಲಕ್ಕೆ ಫಿನಾಯಿಲ್ ಸುರಿಯುವುದು ಇವೂ ಅಪಾಯವೇ. ಅವೂ ಫೀನಾಲಿನ ಬಳಗಕ್ಕೆ ಸೇರಿದವು, ಬೆಕ್ಕಿಗೆ ಆ ಬಳಗವೇ ಆಗದು.

ಹದ್ದಿಗೆ ಅಮೃತ, ಬೆಕ್ಕಿಗೆ?

ಒಂದು ಜೀವಿಗೆ ಔಷಧವಾದದ್ದು ಇನ್ನೊಂದಕ್ಕೆ ವಿಷವಾಗುವ ಪಾಠವನ್ನು ಭಾರತ ಬಲು ದುಬಾರಿ ಬೆಲೆ ತೆತ್ತು ಕಲಿತಿದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್, ಆ ದನ ಸತ್ತ ಮೇಲೆ ಅದರ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುತ್ತಿತ್ತು. ಪಾಕಿಸ್ತಾನದಲ್ಲಿ ನಡೆದ ಸಂಶೋಧನೆ ಇದನ್ನು 2004ರಲ್ಲಿ ಬಯಲಿಗೆಳೆಯುವ ಹೊತ್ತಿಗೆ ಕಾಲ ಮೀರಿತ್ತು. 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇ. 99.9ರಷ್ಟು ಕುಸಿದಿತ್ತು. 2006ರಲ್ಲಿ ಡೈಕ್ಲೊಫೆನಾಕನ್ನು ಜಾನುವಾರುಗಳಿಗೆ ಕೊಡುವುದನ್ನು ನಿಷೇಧಿಸಲಾಯಿತು. ಆದರೂ ಮನುಷ್ಯರಿಗೆಂದು ಮಾಡಿದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುವುದು ನಿಲ್ಲಲಿಲ್ಲ. 2015ರಲ್ಲಿ ಆ ಸೀಸೆಗಳಿಗೂ ಕಡಿವಾಣ ಬಿತ್ತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್‌ಗಳ ಸರದಿ. ‘ಶೋಲೆ’ ಚಿತ್ರ ತೆಗೆದ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಅಲ್ಲಿನ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ಹದ್ದುಗಳು ಈ ದುರಂತದಲ್ಲಿ ಅಳಿದುಳಿದವು.

ಡೈಕ್ಲೊಫೆನಾಕಿಗೆ ಬದಲಾಗಿ ಹದ್ದುಗಳಿಗೆ ಅಪಾಯವಿಲ್ಲದ ಔಷಧ ಯಾವುದೆಂದು ಹುಡುಕಿದಾಗ ಸಿಕ್ಕಿದ್ದು ಮೆಲಾಕ್ಸಿಕಾಮ್. ಹದ್ದುಗಳ ಪಾಲಿಗೆ ಅದು ಅಮೃತವೇ. ಅದೇ ಮೆಲಾಕ್ಸಿಕಾಮನ್ನು ಬೆಕ್ಕಿಗೆ ಮತ್ತೆ ಮತ್ತೆ ಕೊಟ್ಟರೆ ಮೂತ್ರಪಿಂಡ ಕೆಟ್ಟು ಸಾವೂ ಬರಬಹುದೆಂದು ಅಮೆರಿಕದಲ್ಲಿ 2010ರಿಂದ ಪೆಟ್ಟಿಗೆಯ ಮೇಲೆಯೇ ಎಚ್ಚರಿಕೆ ಮುದ್ರಿಸುತ್ತಾರೆ. ಯುರೋಪಿನಲ್ಲಿ ಬೆಕ್ಕಿಗೆಂದೇ ತಯಾರಿಸಿದ ತೀರಾ ಕಡಿಮೆ ಪ್ರಮಾಣದ ದ್ರವವನ್ನು ವೈದ್ಯರು ಅಳೆದು ತೂಗಿ ಕೊಡುವುದುಂಟು. ಒಂದೇ ಔಷಧ, ಮೂರು ಪ್ರಾಣಿ, ಮೂರು ಫಲ. ಔಷಧಿ ಡಬ್ಬಿಯ ಮುಂದೆ ನಿಂತು ಅಂದಾಜಿನ ಮೇಲೆ ಅರ್ಧ, ಕಾಲು ಎನ್ನುವವರಿಗೆ ಇದು ಹೇಗೆ ತಿಳಿಯಬೇಕು?

ನೋವೇ ಇಲ್ಲವೇ ಬೆಕ್ಕಿಗೆ?

ಇದನ್ನೆಲ್ಲ ಓದಿ ಬೆಕ್ಕಿಗೆ ನೋವಾದರೆ ಸುಮ್ಮನಿರಬೇಕು ಎಂದುಕೊಂಡರೆ ಅದೂ ತಪ್ಪೇ. ಬೆಕ್ಕು ನೋವನ್ನು ಬಚ್ಚಿಡುತ್ತದೆ. ನಾಯಿಯ ಹಾಗೆ ಕುಂಯ್‌ಗುಟ್ಟುವುದಿಲ್ಲ, ಅಟ್ಟದ ಮೂಲೆ ಸೇರಿಕೊಳ್ಳುತ್ತದೆ. ನೋವಿನಲ್ಲಿರುವಾಗಲೂ ಗುರುಗುಟ್ಟುವುದರಿಂದ ಸುಖವಾಗಿದೆ ಎಂದು ಮನೆಯವರು ಮೋಸಹೋಗುತ್ತಾರೆ. ಹನ್ನೆರಡು ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್‌ರೇ ನೋಡಿದ ಅಮೆರಿಕದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 90 ಬೆಕ್ಕುಗಳ ಕೀಲು ಸವೆದಿದ್ದವು! ‘ವಯಸ್ಸಾಯಿತು, ಕಪಾಟಿನ ಮೇಲೆ ಹಾರುವುದು ಬಿಟ್ಟಿದೆ’ ಎಂದು ಮನೆಯವರು ಹೇಳುವ ಮಾತಿನ ಹಿಂದೆ ಎಷ್ಟೋ ಸಲ ಕೀಲುನೋವು ಇರುತ್ತದೆ.

ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಕ್ರಮವೊಂದನ್ನು ರೂಪಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಎತ್ತಿರುವ ಬಗೆ ಇವೇ ಐದು ಗುರುತುಗಳು. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಆರಾಮವಾಗಿರುವ ಬೆಕ್ಕಿನ ಕಿವಿ ಮುಂದಕ್ಕೆ ನೆಟ್ಟಗಿರುತ್ತದೆ, ಕಣ್ಣು ತೆರೆದಿರುತ್ತದೆ, ಮೀಸೆ ಸಡಿಲವಾಗಿ ಬಾಗಿರುತ್ತದೆ. ನೋವಿದ್ದರೆ ಕಿವಿ ಚಪ್ಪಟೆಯಾಗಿ ಹೊರಕ್ಕೆ ತಿರುಗುತ್ತದೆ, ಕಣ್ಣು ಕಿರಿದಾಗುತ್ತದೆ, ಮೂತಿ ಬಿಗಿಯುತ್ತದೆ, ಮೀಸೆ ನೇರವಾಗಿ ಸೆಟೆಯುತ್ತದೆ, ತಲೆ ಭುಜಕ್ಕಿಂತ ಕೆಳಗಿಳಿಯುತ್ತದೆ. ಬೆಕ್ಕು ಚೆನ್ನಾಗಿರುವಾಗ ನಾಲ್ಕಾರು ದಿನ ಅದರ ಮುಖ ಗಮನಿಸಿ ಬರೆದಿಟ್ಟುಕೊಳ್ಳುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ, ಖರ್ಚಿಲ್ಲದ ಪ್ರಯೋಗ.

ಜ್ವರದ ವಿಷಯಕ್ಕೂ ಒಂದು ಮಾತು. ಆರೋಗ್ಯವಾಗಿರುವ ಬೆಕ್ಕಿನ ಮೈಶಾಖ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯರಿಗೆ ಅಷ್ಟಿದ್ದರೆ ಶಾಲೆಗೆ ರಜೆ! ಮುಟ್ಟಿದ ಕೈಗೆ ಬೆಕ್ಕು ಯಾವಾಗಲೂ ಬಿಸಿಯಾಗಿಯೇ ತಾಗುತ್ತದೆ. ಕಥೆಯ ಹುಡುಗಿ ಕಂಡ ‘ಕೆಂಡ’ ಜ್ವರವೇ ಆಗಿರಬೇಕೆಂದಿಲ್ಲ. ಜ್ವರವೇ ಇದ್ದರೂ, ಜಗಳದಲ್ಲಿ ಕಚ್ಚಿಸಿಕೊಂಡ ಜಾಗದಲ್ಲಿ ಕೀವು ತುಂಬಿದ್ದರೆ ವೈದ್ಯರು ಕೀವು ತೆಗೆದು ಸೋಂಕಿಗೆ ಔಷಧ ಕೊಟ್ಟಾಗಲೇ ಅದು ಇಳಿಯುವುದು.

ಬೆಕ್ಕಿಗೆ ಒಗ್ಗುವ ನೋವಿನ ಔಷಧಗಳು ಪಶುವೈದ್ಯರ ಬಳಿ ಇವೆ. ರೊಬೆನಕಾಕ್ಸಿಬ್ ಅಂಥದೊಂದು, ಕೆಲವೇ ದಿನಗಳ ಮಟ್ಟಿಗೆ ಕೊಡುವಂಥದ್ದು. ಕೀಲುನೋವಿಗೆ ತಿಂಗಳಿಗೊಮ್ಮೆ ಚುಚ್ಚುವ ಫ್ರುನೆವೆಟ್ಮಾಬ್ ಎಂಬ ಪ್ರತಿಕಾಯಕ್ಕೆ 2022ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಯಾವುದನ್ನು ಕೊಡುವ ಮೊದಲೂ ಬೆಕ್ಕಿನ ತೂಕ, ವಯಸ್ಸು, ಮೂತ್ರಪಿಂಡದ ಸ್ಥಿತಿ ನೋಡಬೇಕಾಗುತ್ತದೆ. ನಮ್ಮ ಊರುಗಳಲ್ಲಿ ಇದನ್ನು ಇಂದಿಗೂ ‘ದನದ ಆಸ್ಪತ್ರೆ’ ಎನ್ನುವುದೇ ರೂಢಿ. ಎಮ್ಮೆ, ಕುರಿಗಳ ಸಾಲಿನಲ್ಲಿ ಕೈಚೀಲದಲ್ಲಿ ಬೆಕ್ಕು ಹಿಡಿದು ನಿಲ್ಲಲು ಹಲವರಿಗೆ ಸಂಕೋಚ. ‘ಬೆಕ್ಕಿಗೂ ಡಾಕ್ಟರಾ?’ ಎಂದು ನಗುವವರು ಅಲ್ಲಿ ಒಬ್ಬರಾದರೂ ಇರುತ್ತಾರೆ. ನಗಲಿ ಬಿಡಿ.

ರಾತ್ರಿ ಕಳೆಯುವುದು ಹೇಗೆ?

ಮತ್ತೆ ಆ ಒಂಬತ್ತೂವರೆಗೆ ಬರೋಣ. ಆ ರಾತ್ರಿ ಅಮ್ಮ ಮಾಡಬಹುದಾಗಿದ್ದದ್ದು ಬಹಳವೇನಿಲ್ಲ. ಒಂದು ರಟ್ಟಿನ ಪೆಟ್ಟಿಗೆಗೆ ಹಳೆಯ ಹತ್ತಿಸೀರೆ ಹಾಸಿ, ಗದ್ದಲವಿಲ್ಲದ ಬೆಚ್ಚನೆಯ ಮೂಲೆಯಲ್ಲಿಟ್ಟು, ಪಕ್ಕದಲ್ಲಿ ನೀರಿಟ್ಟು, ಬೆಕ್ಕು ಮತ್ತೆ ಹೊರಗೆ ಓಡದಂತೆ ಬಾಗಿಲು ಹಾಕುವುದು. ಗಾಯ ಕಂಡರೆ ಸ್ವಚ್ಛ ನೀರಿನಿಂದ ಒರೆಸುವುದು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಆಸ್ಪತ್ರೆಯ ಮುಂದಿರುವುದು. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಒಸಡು ಬಿಳಿಚಿಯೋ ನೀಲಿಯಾಗಿಯೋ ಇದ್ದರೆ, ಮೂತ್ರ ಹೊಯ್ಯಲು ತಿಣುಕುತ್ತಿದ್ದರೆ ಮಾತ್ರ ಬೆಳಗಿಗೆ ಕಾಯುವಂತಿಲ್ಲ. ರಾತ್ರಿಯೇ ಯಾರಾದರೂ ಪಶುವೈದ್ಯರನ್ನು ಎಬ್ಬಿಸಬೇಕು. ಅವರ ಫೋನ್ ನಂಬರನ್ನು ಬೆಕ್ಕು ಗುಂಡಗಿರುವಾಗಲೇ ಬರೆದಿಟ್ಟುಕೊಂಡಿರಬೇಕು.

ಮಾತ್ರೆ ಕೊಟ್ಟಾಗಿಹೋಗಿದ್ದರೆ? ಲಕ್ಷಣ ಕಾಣಲಿ ಎಂದು ಕಾಯಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು, ಬೆಕ್ಕಿಗೆ ಉಪ್ಪೇ ಇನ್ನೊಂದು ವಿಷವಾದೀತು. ಹಾಲು, ಮಜ್ಜಿಗೆ ಇದಕ್ಕೆ ಮದ್ದಲ್ಲ. ಪ್ಯಾರಾಸಿಟಮಾಲಿಗೆ ಪ್ರತ್ಯೌಷಧವಿದೆ, ಎನ್-ಅಸಿಟೈಲ್‌ಸಿಸ್ಟೀನ್. ಮೈಯಲ್ಲಿ ಬರಿದಾದ ಗ್ಲುಟಾಥಯೋನನ್ನು ಮತ್ತೆ ತುಂಬಿಕೊಡುವ ಈ ಔಷಧ ಮನುಷ್ಯರ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ. ಜೊತೆಗೆ ಆಮ್ಲಜನಕ, ಸಲೈನು, ಅಗತ್ಯ ಬಿದ್ದರೆ ಇನ್ನೊಂದು ಬೆಕ್ಕಿನ ರಕ್ತ. ಬೆಕ್ಕಿಗೂ ಎ, ಬಿ, ಎಬಿ ಎಂಬ ರಕ್ತದ ಗುಂಪುಗಳಿವೆ, ಹೊಂದದ ರಕ್ತ ಕೊಟ್ಟರೆ ಜೀವಕ್ಕೇ ಸಂಚಕಾರ. ಹೀಗಾಗಿ ಅದು ಎಲ್ಲ ಕಡೆ ಆಗುವ ಕೆಲಸವಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಪ್ರತ್ಯೌಷಧ ಸಿಕ್ಕ ಬೆಕ್ಕು ಬದುಕುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಕಡಿಮೆ.

ಈ ಗಂಟೆಗಳು ಕಳೆದುಹೋಗುವುದು ಹೆಚ್ಚಾಗಿ ಒಂದು ಕಾರಣಕ್ಕೆ. ‘ಏನಾದರೂ ತಿನ್ನಿಸಿದಿರಾ?’ ಎಂದು ವೈದ್ಯರು ಕೇಳುತ್ತಾರೆ. ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಕೊಟ್ಟದ್ದು ತಪ್ಪಾಯಿತೇನೋ ಎಂಬ ಅಳುಕು, ಬೈದಾರೆಂಬ ಭಯ. ಮಾತ್ರೆ ಕೊಟ್ಟದ್ದು ಮಗು, ಅಪ್ಪ ಅಮ್ಮನಿಗೆ ಗೊತ್ತೇ ಇಲ್ಲ ಎನ್ನುವುದೂ ಉಂಟು. ‘ಏನೂ ಇಲ್ಲ ಸಾರ್, ಹಾಲು ಅಷ್ಟೇ’ ಎಂಬ ಉತ್ತರ ಬರುತ್ತದೆ. ವೈದ್ಯರು ಹಾವು ಕಚ್ಚಿತೋ, ಇಲಿಪಾಷಾಣ ತಿಂದಿತೋ ಎಂದು ಬೇರೆ ದಾರಿಯಲ್ಲಿ ಹುಡುಕಲು ಹೊರಡುತ್ತಾರೆ. ಮನೆಯಿಂದ ಹೊರಡುವಾಗ ಕತ್ತರಿಸಿ ಉಳಿದ ಮಾತ್ರೆಯ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, ‘ಡೋಲೊ ಆರುನೂರೈವತ್ತು ಸಾರ್, ಅರ್ಧ ಕೊಟ್ವಿ, ನಿನ್ನೆ ರಾತ್ರಿ ಒಂಬತ್ತೂವರೆಗೆ’ ಎಂದು ಹುಡುಗಿ ಹೇಳಿಬಿಟ್ಟರೆ, ಅರ್ಧ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ.